ಶಿರಾಳ ಕಳ್ಳ ಕುಂಟು

ಹೋಟೆಲಿನ ಹಿಂಬಾಗಿಲಲ್ಲಿ ಯಾರೋ ಒಬ್ಬ ಮಂಡಿಯೂರಿ ಕುಳಿತು, ನಾಯಿ ಶಿರಾಳ ಪಟ್ಟಿ ಕಟ್ಟಿದ ಹಿಂಗಾಲಿನ ಫೋಟೋ ತೆಗೆಯುತ್ತಿದ್ದ. ಪ್ರಜ್ಞಾಳಿಗೆ ರೇಗಿಹೋಯಿತು. ನಾಸಿಕ್ ರೋಡ್ ಸ್ಟೇಷನ್ನಿನ ಎದುರು ಹೋಟೆಲ್ ನಡೆಸುವವರು ಎಂತೆಂಥವರನ್ನೋ ನೋಡಿರುತ್ತಾರೆ. ಇವನು ನಾಯಿ ಹಿಡಿಯುವವನೇ ಸೈ ಎಂದುಕೊಂಡಳು.

"ಏ ಹಲೋ! ಅದು ಬೀದಿ ನಾಯಿ ಅಲ್ಲ ಮಾರಾಯ್ರೆ, ಮನೆಯದ್ದು. ಅದಕ್ಕೆ ಇನ್ಶೂರೆನ್ಸ್ ಕೂಡ ಉಂಟು!"

"ಗೊತ್ತದರಿ," ಎಂದು ಅವನು ಮೆಲ್ಲಗೆ ಎದ್ದು ನಿಂತ. "ಅದಕ್ಕ ಬಂದೀನಿ."

ಧಾರವಾಡದ ಹುಡುಗ, ಹೆಸರು ಆಕರ್ಷ. ವಿಮಾ ಕಂಪನಿಯ ಸಂಭಾಜಿನಗರ ಆಫೀಸಿನಲ್ಲಿ ಕ್ಲೇಮುಗಳ ತನಿಖೆ ಅವನ ಕೆಲಸ. ಪ್ರಜ್ಞಾ ನಾಲಿಗೆ ಕಚ್ಚಿಕೊಂಡಳು. ಮಾತಾಡಿದರೇ ಕೆನ್ನೆಯಲ್ಲಿ ಗುಳಿ ಬೀಳುವ ಇವನು ಯಾಕೆ ನಗುವುದಿಲ್ಲವೋ ಎಂದೂ ಅನಿಸಿತು. ಸಿಟ್ಟು ಪೂರ್ತಿ ಇಳಿಯುವ ಮೊದಲೇ ಹಾಗೆ ಅನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

ಅಪ್ಪ ಭುಜಂಗ ರಾಯರು ಕಾಫಿ ಕಳಿಸಿದರು. ಅವನು ಮುಟ್ಟಲಿಲ್ಲ. ಕ್ಲೇಮ್ ಮುಗಿಯುವವರೆಗೆ ಪಾಲಿಸಿದಾರರ ಮನೆಯ ನೀರನ್ನೂ ಕುಡಿಯಬಾರದಂತೆ. ಉಡುಪಿಯವರ ಹೋಟೆಲಿಗೆ ಬಂದು ಕಾಫಿ ಬೇಡ ಎನ್ನುವುದೇ? ರಾಯರು ಮುಖ ಊದಿಸಿಕೊಂಡು ಗಲ್ಲಾಕ್ಕೆ ಹೋದರು.

"ಪಾಲಿಸಿಗಿಂತ ಮೊದಲ ಇದ್ದ ಬ್ಯಾನಿಗೆ ಕವರ್ ಇರಂಗಿಲ್ರಿ," ಎಂದು ಅವನು ವಿವರಿಸಿದ. "ಹೊಸಾ ರೋಗ ಇದ್ರ ಸ್ವಲ್ಪ ದಿನ ಕಾಯಬೇಕು. ಅಪಘಾತಕ್ಕ ಲಗೂನ ಸಿಗತದ."

"ಆಟೋ ಗುದ್ದಿದ್ದು. ಅದು ಅಪಘಾತವೇ ಅಲ್ವಾ?"

ಅವನು ಫೋನ್ ತಿರುಗಿಸಿ ತೋರಿಸಿದ. ಹೋಟೆಲಿನ ಇನ್‌ಸ್ಟಾಗ್ರಾಮಿಗೆ ಪ್ರಜ್ಞಾಳೇ ಹಾಕಿದ್ದ ರೀಲ್ ಅದು, ಪಾಲಿಸಿ ಮಾಡಿಸುವುದಕ್ಕಿಂತ ಎಷ್ಟೋ ಹಿಂದಿನದು. ಶಿರಾ ಕುಂಟುತ್ತಾ ಕುಂಟುತ್ತಾ ಬಂದು ಅಡುಗೆಮನೆಯ ಬಾಗಿಲಲ್ಲಿ ಇಡ್ಲಿಗೆ ಕಾಯುತ್ತಿದ್ದಳು.

"ಅಯ್ಯೋ ದೇವರೇ, ಅದು ನಾಟಕ! ಕುಂಟಿದ್ರೆ ಅಡುಗೆ ಭಟ್ರು ಎರಡನೇ ಇಡ್ಲಿ ಹಾಕ್ತಾರೆ, ಅದಕ್ಕೆ!"

"ನಾಯಿ ನಾಟಕ ಮಾಡತದೇನ್ರಿ?" ಅವನು ನಗಲಿಲ್ಲ. ಏನೋ ಬರೆದುಕೊಂಡ.

ಪ್ರಜ್ಞಾಳ ಕಿವಿ ಕೆಂಪಾಯಿತು. ಎಷ್ಟು ವಡೆ ತಿಂದೆ ಎಂದು ಗಿರಾಕಿ ಹೇಳುತ್ತಾನೋ ಅಷ್ಟನ್ನೇ ನಂಬಿ ಬಿಲ್ ಹಾಕುವ ಗಲ್ಲಾದ ಹಿಂದೆ ಬೆಳೆದವಳು ಅವಳು. ಕ್ಲೇಮಿನ ದುಡ್ಡು ಹೋದರೆ ಹಾಳಾಗಿ ಹೋಗಲಿ, ಸುಳ್ಳಿ ಎಂದು ಮಾತ್ರ ಅನ್ನಿಸಿಕೊಳ್ಳಲಾರಳು. ಅದರಲ್ಲೂ ಈ ಗುಳಿ ಬೀಳುವ ಕೆನ್ನೆಯವನಿಂದ.

ಹಳೆಯ ವಿಡಿಯೋಗಳನ್ನೆಲ್ಲ ಕಳಿಸಲು ಅವನು ಕೇಳಿದ. ಹಟಕ್ಕೆ ಬಿದ್ದವಳಂತೆ ಇದ್ದದ್ದನ್ನೆಲ್ಲ ಕಳಿಸಿದಳು. ಆಮೇಲೆ ಸಂಜೆ ಹೊತ್ತು ಅವನ ಫೋನ್ ಬರತೊಡಗಿತು.

"ಗಣಪತಿ ಹಬ್ಬದಾಗ ಎಡ ಮುಂಗಾಲು ಕುಂಟತದ. ದಸರಾದಾಗ ಬಲ ಮುಂಗಾಲು."

"ನೋಡಿದ್ರಾ? ಯಾವ ಕಾಲು ಅಂತ ಆ ಕಳ್ಳಿಗೇ ನೆನಪಿರುದಿಲ್ಲ!"

ಅತ್ತ ಕಡೆ ಅವನು ಮೊದಲ ಸಲ ನಕ್ಕ. ಕಾಣದ ಗುಳಿಯನ್ನು ಪ್ರಜ್ಞಾ ಫೋನಿನಲ್ಲೇ ಕಂಡಳು.

ದಿನ ಕಳೆದಂತೆ ಪ್ರಶ್ನೆಗಳು ದಾರಿ ತಪ್ಪಿದವು.

"ದೀಪಾವಳಿ ವಿಡಿಯೋದಾಗ ಕ್ಯಾಮೆರಾ ಹಿಂದ ಹಾಡಾಕತ್ತವ್ರು ಯಾರ್ರಿ?"

"ಅದೂ ಕ್ಲೇಮಿಗೆ ಬೇಕಾ?"

ಅವನು ದನಿ ತಗ್ಗಿಸಿದ. "ಇಲ್ರಿ. ನನಗ ಬೇಕಿತ್ತು."

ಅವಳು ಥಟ್ಟನೆ ಫೋನಿಟ್ಟಳು. ಅವಳೇ ಹಾಡಿದ್ದು ಎಂದು ಅವನಿಗೆ ಗೊತ್ತಿಲ್ಲದೆ ಇತ್ತೇ? ಅಂದಿನಿಂದ ಸಂಜೆಯಾದರೆ ಗಲ್ಲಾದಲ್ಲಿ ಚಿಲ್ಲರೆ ತಪ್ಪಿ ಕೊಡುವುದು ಶುರುವಾಯಿತು.

ಹಾಗಿರುವಾಗಲೇ ಫೋನ್ ನಿಂತುಹೋಯಿತು. ಕಂಪನಿಯಿಂದ ಒಂದು ಮೆಸೇಜ್ ಬಂತು: ನಿಮ್ಮ ಫೈಲನ್ನು ಅಪೇಕ್ಷಾ ಮೇಡಂಗೆ ವರ್ಗಾಯಿಸಲಾಗಿದೆ. ಕಾರಣ ಇರಲಿಲ್ಲ. ಕೊನೆಗೂ ನಂಬಲಿಲ್ಲ ಇವನು ಎಂದುಕೊಂಡು ಪ್ರಜ್ಞಾ ಫೋನನ್ನು ಗಲ್ಲಾದ ಡ್ರಾಯರಿಗೆ ಎಸೆದಳು.

ಶಿರಾಳ ಆಪರೇಷನ್ ಆಗಿದ್ದದ್ದು ಸಂಭಾಜಿನಗರದ ಪ್ರಾಣಿಗಳ ಆಸ್ಪತ್ರೆಯಲ್ಲಿ. ಕಾಲು ತೋರಿಸಲು ಮತ್ತೆ ಅಲ್ಲಿಗೇ ಕರೆದೊಯ್ಯಬೇಕಿತ್ತು. ಡಾಕ್ಟರು ಶಿರಾಳನ್ನು ಒಳಗೆ ಕರೆದುಕೊಂಡ ಮೇಲೆ, ಹೊರಗಿನ ಬೆಂಚಿನ ಬಳಿ ಆಕರ್ಷ ಬಂದು ನಿಂತ. ಆಸ್ಪತ್ರೆಗೆ ಹೋಗುವ ದಿನವನ್ನು ಹಿಂದೆ ಅವಳೇ ಅವನಿಗೆ ಹೇಳಿದ್ದಳು.

"ಎಂತಕ್ಕೆ ಬಂದದ್ದು?" ಅವಳು ಮುಖ ತಿರುಗಿಸಿದಳು. "ಸುಳ್ಳಿ ಅಂತ ಬಾಯಿಬಿಟ್ಟು ಹೇಳ್ಳಿಕ್ಕಾ?"

"ನಂಬೀನ್ರಿ. ಅದ ತ್ರಾಸ ಆಗಿದ್ದು," ಎಂದ. ಬೆಂಚಿನ ಆ ತುದಿಯಲ್ಲಿ ಕುಳಿತ. "ನಾಯಿ ಕಾಲು ನೋಡಬೇಕಾದಾಂವ ನಿಮ್ಮ ಹಾಡು ಕೇಳಾಕ ಅದ ಅದ ವಿಡಿಯೋ ಹಚ್ಚಿಕೊಂಡು ಕೂಡತಿದ್ದೆ. ನಾ ಪಾಸ್ ಮಾಡಿದ್ರ ಏನಂತಿದ್ರು? ಹುಡುಗಿ ಮ್ಯಾಲೆ ಮನಸಿತ್ತು, ಪಾಸ್ ಮಾಡಿದ ಅಂತಿದ್ರು. ನಿಮ್ಮ ಖರೇ ಮಾತು ನನ್ನಿಂದ ಸುಳ್ಳಾಗತಿತ್ತು. ಮ್ಯಾನೇಜರ್ ವಿಶ್ವನಾಥಪ್ಪ ಸರ್ ಒಬ್ರಿಗೇ ಹೇಳಿ ಫೈಲ್ ಬಿಟ್ಟುಕೊಟ್ಟೆ."

ಪ್ರಜ್ಞಾ ಓರೆಗಣ್ಣಿನಲ್ಲಿ ನೋಡಿದಳು. ಅವನು ತನ್ನ ಬೂಟನ್ನೇ ನೋಡುತ್ತಿದ್ದ, ಕಿವಿಯ ತುದಿ ಕೆಂಪಾಗಿತ್ತು. ತನ್ನನ್ನು ಇಷ್ಟು ನಂಬಿದವನ ಮೇಲೆ ಇಷ್ಟು ದಿನ ಕತ್ತಿ ಮಸೆದೆನಲ್ಲ ಎಂದು ಅವಳಿಗೆ ಅಳು ಬಂದಂತಾಯಿತು.

ಅಷ್ಟರಲ್ಲಿ ಪ್ರಜ್ಞಾಳಿಗೆ ಫೋನ್ ಬಂತು, ಅವಳು ಸ್ಪೀಕರ್ ಹಾಕಿದಳು. ಅಪೇಕ್ಷಾ ಮೇಡಂ, ಮರಾಠಿಯಲ್ಲಿ. ರೀಲಿನಲ್ಲಿ ಕುಂಟಿದ್ದು ಮುಂಗಾಲು, ಅದೂ ದಿನಕ್ಕೊಂದು, ಮುರಿದದ್ದು ಹಿಂಗಾಲು, ಎಕ್ಸ್-ರೇಯಲ್ಲಿ ಇರುವುದು ಹೊಸ ಪೆಟ್ಟೇ. ಆಹಾರ, ಲಸಿಕೆಯ ಖರ್ಚು ಬರುವುದಿಲ್ಲ, ಉಳಿದದ್ದು ಇವತ್ತೇ ಪಾಸ್ ಮಾಡುತ್ತೇನೆ ಎಂದಳು ಆಕೆ. ಎಲ್ಲರಿಗೂ ಕೇಳುವ ಪ್ರಶ್ನೆ ಒಂದು ಉಳಿದಿದೆಯಂತೆ: ನಮ್ಮ ಕಂಪನಿಯ ನೌಕರರ ಜೊತೆ ನಿಮಗೇನಾದರೂ ಸಂಬಂಧ ಇದೆಯೇ?

ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ, ಅವಳಿನ್ನೂ ಬಾಯಿಬಿಟ್ಟು ಏನನ್ನೂ ಒಪ್ಪಿರಲಿಲ್ಲವಲ್ಲ. ಸ್ಪೀಕರಿನ ದನಿ ಆಕರ್ಷನಿಗೂ ಕೇಳಿಸಿತು. ಅವಳ ಮೇಲೆ ಒತ್ತಾಯ ಬೀಳಬಾರದೆಂದು ಅವನು ಆಚೆ ನೋಡಿದ.

"ಹೋ, ಆಹೇ," ಎಂದಳು ಪ್ರಜ್ಞಾ. ಹೌದು, ಇದೆ.

ಹಾಗಾದರೆ ಫೈಲ್ ಹೆಡ್ ಆಫೀಸಿಗೆ ಹೋಗಬೇಕು, ಎಲ್ಲ ಮೊದಲಿನಿಂದ ನೋಡುತ್ತಾರೆ, ಬಹಳ ತಡವಾದೀತು ಎಂದಳು ಅಪೇಕ್ಷಾ.

"ಆಗಲಿ ಮೇಡಂ. ಹೆಸರು ಆಕರ್ಷ."

"ಏನು ಸಂಬಂಧ ಅಂತ ಬರೆಯಲಿ?"

"ಮದುವೆಯಾಗುವವರು. ಇವತ್ತಿನಿಂದ ಅಂತ ಬರ್ಕೊಳ್ಳಿ. ಅವರಿಗೂ ಈಗಲೇ ಗೊತ್ತಾಗ್ತಾ ಇರೋದು."

ಆ ಕಡೆ ಅಪೇಕ್ಷಾ, ನಗು ತಡೆದುಕೊಂಡು, ಅವರ ಒಪ್ಪಿಗೆ ಇದೆಯೇ ಎಂದು ಕೇಳಿದಳು. ಪ್ರಜ್ಞಾ ಫೋನನ್ನು ಬೆಂಚಿನ ಆ ತುದಿಗೆ ಚಾಚಿದಳು.

ಆಕರ್ಷನಿಗೆ ಮರಾಠಿ ಎಲ್ಲ ಮರೆತುಹೋಗಿತ್ತು.

"ಅದರಿ ಮೇಡಂ," ಎಂದ ಕನ್ನಡದಲ್ಲೇ. "ಅದ. ಭಾಳ ಅದ."