ಅವನು ಫೈಲು ಎಣಿಸುತ್ತಿದ್ದ

"ನನ್ನ ಸ್ಟೋರೇಜಿನ ಕತ್ತು ಹಿಸುಕ್ತಾ ಇರೋರು ನೀವೇನಾ?"

ಐದನೇ ಮಹಡಿಯ ಅಷ್ಟೂ ತಲೆಗಳು ಒಟ್ಟಿಗೆ ತಿರುಗಿದವು. ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಸುಮೇಧಾ ಮೆಟ್ಟಿಲು ಹತ್ತಿಯೇ ಬಂದಿದ್ದಳು. ಏದುಸಿರು ಇನ್ನೂ ನಿಂತಿರಲಿಲ್ಲ.

ಕಿಟಕಿಯ ಪಕ್ಕದ ಸಂದೇಶ್ ಗಾಬರಿಯಿಂದ ಎದ್ದು ನಿಂತ. ಲಿಫ್ಟಿನಲ್ಲಿ ಸಿಕ್ಕಾಗ ಅವಳು ನಕ್ಕರೆ ನಗುವ, ನಗದಿದ್ದರೆ ನೆಲ ನೋಡುವ ಹುಡುಗ. ಅವನ ಹೆಸರು ಅವಳಿಗೆ ಗೊತ್ತಾಗಿದ್ದೇ ಇವತ್ತು... ಅದೂ ಕಳ್ಳನನ್ನು ಹುಡುಕುವಾಗ!

"ನಾನಾ? ನಾನು ಎಂತ ಮಾಡಿದೆ ಮಾರಾಯ್ರೆ?"

ಪಾಪ, ಅವನ ಮುಖ ನೋಡಿದರೆ ಯಾರಿಗಾದರೂ ಕನಿಕರ ಬರಬೇಕು. ಆದರೆ ಸುಮೇಧಾಳಲ್ಲಿ ಕನಿಕರಕ್ಕೂ ಶಕ್ತಿ ಉಳಿದಿರಲಿಲ್ಲ.

ಎಗ್ಮೋರಿನಲ್ಲಿದ್ದ ಅವರ ಕಂಪನಿ ಆಸ್ಪತ್ರೆಗಳ ಸ್ಕ್ಯಾನ್ ಚಿತ್ರಗಳನ್ನು ಜೋಪಾನ ಮಾಡಿ ಇಡುತ್ತಿತ್ತು. ಒಬ್ಬ ರೋಗಿಯ ಒಂದು ಸ್ಕ್ಯಾನ್ ಅಂದರೆ ನೂರಾರು ಪುಟ್ಟ ಪುಟ್ಟ ಫೈಲು. ಹೀಗೆ ಸೇರಿ ಸೇರಿ ಕೋಟಿಗಟ್ಟಲೆ. ಅವೆಲ್ಲ ಇರುವ ಸ್ಟೋರೇಜನ್ನು ನೋಡಿಕೊಳ್ಳುವವಳು ಸುಮೇಧಾ ಒಬ್ಬಳೇ.

ಹೋದ ತಿಂಗಳು ಅದು ಇದ್ದಕ್ಕಿದ್ದಂತೆ ನಿಂತಿತ್ತು. ಅರ್ಧ ಡಿಸ್ಕ್ ಖಾಲಿ ಇದೆ, ಆದರೆ ಹೊಸ ಫೈಲು ಒಂದನ್ನೂ ತೆಗೆದುಕೊಳ್ಳುತ್ತಿಲ್ಲ! ಎಷ್ಟು ಫೈಲು ಇಡಬಹುದು ಎಂಬುದಕ್ಕೂ ಒಂದು ಮಿತಿ ಇರುತ್ತದೆ, ಆ ಮಿತಿ ಮುಟ್ಟಿಹೋಗಿತ್ತು. ಪಂಕ್ತಿಯಲ್ಲಿ ಬೇಕಾದಷ್ಟು ಜಾಗವಿದ್ದೂ ಬಾಳೆಲೆ ಮುಗಿದುಹೋದ ಹಾಗೆ.

ಆ ಮಿತಿ ಹಾಕಿದ್ದವರು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಬೈಸಿಕೊಂಡವಳು ಸುಮೇಧಾ. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಅನ್ನುತ್ತಾರೆ. ಇವಳು ಸಿಪ್ಪೆಯನ್ನೂ ಮುಟ್ಟಿರಲಿಲ್ಲ! ಮ್ಯಾನೇಜರ್ ಜಯಪ್ರಕಾಶ್ ಕನ್ನಡದವನೇ, ಆದರೆ ಬೈಯುವುದಕ್ಕೆ ಮಾತ್ರ ಕನ್ನಡ ಬಳಸುತ್ತಿದ್ದ. "ಇನ್ಮೇಲೆ ನಿಮ್ಮ ಕೆಲಸದ ಮೇಲೆ ಒಂದು ಕಣ್ಣಿಡೋಕೆ ಒಬ್ಬರಿಗೆ ಹೇಳಿದ್ದೀನಿ" ಅಂದಿದ್ದ.

ಅವಳು ಮಿತಿ ಏರಿಸಿ, ಒಂದೇ ಫೋಲ್ಡರಿನಲ್ಲಿ ತುಂಬಿಕೊಂಡಿದ್ದ ಫೈಲುಗಳನ್ನು ಸಾವಿರಾರು ಫೋಲ್ಡರುಗಳಿಗೆ ಹಂಚಿ ಸರಿ ಮಾಡಿದ್ದಳು. ಅಷ್ಟು ಮಾಡಿದರೂ ಈ ವಾರವಿಡೀ ಸ್ಟೋರೇಜ್ ತೆವಳುತ್ತಿತ್ತು. "ಇವತ್ತು ಸಂಜೆಯೊಳಗೆ ಸರಿಹೋಗಲಿಲ್ಲ ಅಂದ್ರೆ ಈ ಕೆಲಸ ಹೊರಗಿನವರಿಗೆ ಕೊಡ್ತೀನಿ. ನೀವು ಬೇರೆ ಕಡೆ ನೋಡ್ಕೊಳ್ಳಿ" ಎಂದು ಜಯಪ್ರಕಾಶ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

"ನಿಮ್ಮ ಮೆಷಿನ್ ಮೇಲಿಂದ ಮೇಲೆ ಎಲ್ಲಾ ಫೈಲನ್ನೂ ಒಂದೊಂದಾಗಿ ಎಣಿಸ್ತಾ ಇದೆ!" ಸುಮೇಧಾ ಅವನ ಪರದೆಯತ್ತ ಬೆರಳು ತೋರಿದಳು. "ಒಂದು ಎಣಿಕೆ ಮುಗಿಯೋಕೆ ಮುಂಚೆ ಇನ್ನೊಂದು ಶುರು. ಸ್ಕ್ಯಾನ್‌ಗಳು ಒಳಗೆ ಬರ್ತಾನೇ ಇಲ್ಲ. ಪೋದುಂ ಪಾ... ಸಾಕು! ಕಣ್ಣಿಡೋದಿದ್ರೆ ಇಡಿ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

ಸಂದೇಶನ ಮುಖ ಬಿಳಿಚಿತು. "ದೇವರೇ... ಅದರಿಂದ ಹೀಗಾಗ್ತದಾ?" ಎನ್ನುತ್ತಲೇ ಕೀಬೋರ್ಡಿಗೆ ಕೈಹಾಕಿ, ಫೈಲು ಎಣಿಸಲು ತಾನೇ ಬರೆದಿದ್ದ ಸ್ಕ್ರಿಪ್ಟ್ ನಿಲ್ಲಿಸಿದ.

ಸ್ವಲ್ಪ ಹೊತ್ತಿನಲ್ಲೇ, ಕಾದು ನಿಂತಿದ್ದ ಸ್ಕ್ಯಾನ್‌ಗಳು ಸರಸರನೆ ಒಳಗೆ ಬರತೊಡಗಿದವು. ಸುಮೇಧಾಳಿಗೆ ಸಂತೋಷ ಕೂಡ ಆಗಲಿಲ್ಲ. ಎಲ್ಲಾದರೂ ಕೂತರೆ ಸಾಕು ಅನ್ನಿಸಿತು.

"ಕಾರಣ ಸಿಕ್ತಾ?" ಹಿಂದಿನಿಂದ ಜಯಪ್ರಕಾಶನ ಧ್ವನಿ.

ಹೆಸರು ಹೇಳಿದರೆ ಅವಳ ಕೆಲಸ ಉಳಿಯುತ್ತಿತ್ತು. ಆದರೂ ಬಾಯಿ ತೆರೆಯಲಾಗಲಿಲ್ಲ. ಬೈಸಿಕೊಳ್ಳುವುದು ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನನ್ನ ಸ್ಕ್ರಿಪ್ಟ್ ಸರ್," ಎಂದ ಸಂದೇಶ್. "ಸುಮೇಧಾ ಅವರದ್ದು ಎಂತದ್ದೂ ತಪ್ಪಿಲ್ಲ."

"ನಿನಗೂ ಸ್ಟೋರೇಜಿಗೂ ಏನಯ್ಯಾ ಸಂಬಂಧ? ಯಾರು ಎಣಿಸು ಅಂದಿದ್ದು?"

"ಯಾರೂ ಅಲ್ಲ ಸರ್."

"ಈ ವರ್ಷದ ಇನ್‌ಕ್ರಿಮೆಂಟ್ ಮರೆತುಬಿಡು!" ಜಯಪ್ರಕಾಶ್ ಅವಳತ್ತ ತಿರುಗಿದ. "ನೀವು... ಸರಿ, ಕೆಲಸ ಮುಂದುವರಿಸಿ." ಅಷ್ಟೇ ಹೇಳಿ ಹೊರಟುಹೋದ.

*ಅಯ್ಯೋ... ಜಯಪ್ರಕಾಶ್ ಇಟ್ಟ ಕಣ್ಣು ಇವರದಲ್ಲ! ಎಲ್ಲರ ಮುಂದೆ ಏನೇನೋ ಅಂದುಬಿಟ್ಟೆನಲ್ಲ...*

"ಮತ್ತೆ ಯಾಕೆ ಎಣಿಸಿದ್ರಿ?" ಅವಳ ದನಿ ಈಗ ಇಳಿದಿತ್ತು.

ಅವನು ನೆಲ ನೋಡಿದ. "ಹೋದ ತಿಂಗಳು ನೀವು ಮೆಟ್ಟಿಲ ಮೇಲೆ ಕೂತು ಅಳ್ತಾ ಇದ್ರಿ. ಊಟದ ಡಬ್ಬಿ ಬಿಚ್ಚಿರಲೂ ಇಲ್ಲ. ಫೈಲು ಮತ್ತೆ ಮಿತಿ ಹತ್ರ ಬಂದ್ರೆ ಮೊದಲೇ ನಿಮ್ಗೆ ಹೇಳುವ ಅಂತ... ಇನ್ನೊಮ್ಮೆ ನೀವು ಹಾಗೆ ಅಳೂದು ನನ್ನಿಂದ ನೋಡ್ಲಿಕ್ಕೆ ಆಗ್ತಿರ್ಲಿಲ್ಲ."

ಸುಮೇಧಾಳ ಕಣ್ಣು ತುಂಬಿ ಬಂತು. ಈ ಊರಲ್ಲಿ, ಈ ಆಫೀಸಲ್ಲಿ, ತನ್ನ ಡಬ್ಬಿ ತೆರೆದಿದೆಯೋ ಇಲ್ಲವೋ ಎಂದು ನೋಡಿದವರೂ ಇದ್ದರು!

"ಅಷ್ಟಕ್ಕೆ ಕೋಟಿ ಫೈಲು ಎಣಿಸ್ಬೇಕೇನ್ರೀ? ಸ್ಟೋರೇಜಿಗೆ ತನ್ನ ಲೆಕ್ಕ ತನಗೇ ಗೊತ್ತಿರತ್ತೆ. ಒಂದು ಸಾಲಲ್ಲಿ ಕೇಳಿದ್ರೆ ತಟ್ಟಂತ ಹೇಳತ್ತೆ. ಅದೂ ಬೇಡ, ನನ್ನನ್ನೇ ಕೇಳಿದ್ರೆ ಆಗ್ತಿತ್ತು."

"ನಿಮ್ಮನ್ನ ಕೇಳ್ಲಿಕ್ಕೆ ಧೈರ್ಯ ಬೇಕಲ್ಲ? ಅದಕ್ಕಿಂತ ಕೋಟಿ ಫೈಲು ಎಣಿಸೂದೇ ಸುಲಭ ಅನ್ನಿಸ್ತು."

ಅವಳಿಗೆ ನಗು ಬಂತು. ಅಳುವೂ ಬಂತು. ಎರಡನ್ನೂ ತಡೆಯುವ ಶಕ್ತಿ ಇರಲಿಲ್ಲ, ತಡೆಯಲೂ ಇಲ್ಲ.

ಸಂಜೆ ಎಗ್ಮೋರ್ ಸ್ಟೇಷನ್ನಿನಲ್ಲಿ ಅವನೂ ಅವಳ ಜೊತೆ ಲೋಕಲ್ ರೈಲು ಹತ್ತಿದ. ಅದೃಷ್ಟಕ್ಕೆ ಸೀಟು ಸಿಕ್ಕಿತು. ಬೆವರು, ಮಲ್ಲಿಗೆ, ಜನರ ಗಲಾಟೆ... ಯಾವುದೂ ಅವಳನ್ನು ಮುಟ್ಟಲಿಲ್ಲ. ಕಣ್ಣು ತಾನಾಗಿಯೇ ಮುಚ್ಚುತ್ತಿತ್ತು.

"ನಿಮ್ಮ ತಂದೆಯವರ ಹೋಟೆಲು, ಮನೆ ಎಲ್ಲಾ ಎಗ್ಮೋರಲ್ಲೇ ಅಂತ ಆಗ ಹೇಳಿದ್ರಲ್ವಾ?" ಎಂದಳು ನಿದ್ದೆಗಣ್ಣಿನಲ್ಲಿ.

"ಹೌದು."

"ಮತ್ತೆ ನಮ್ಮ ಮನೆ ಕಡೆಯ ಮಾಂಬಲಂ ರೈಲು ಯಾಕೆ ಹತ್ತಿದ್ರಿ?"

"ನಿಮ್ಮ ಅಮ್ಮನನ್ನ ನೋಡಿ ಮಾತಾಡುವ ಅಂತ."

ನಿದ್ದೆ ಹಾರಿಹೋಯಿತು! "ನನ್ನನ್ನ ಕೇಳದೇನೇ?"

"ಕೇಳ್ತೇನೆ." ಈ ಸಲ ಅವನು ನೆಲ ನೋಡದೆ ಅವಳನ್ನೇ ನೋಡಿದ. "ನಂಗೆ ನೀವಂದ್ರೆ ತುಂಬಾ ಇಷ್ಟ ಸುಮೇಧಾ. ನಿಮ್ಗೆ... ನಾನು ಆಗ್ತೇನಾ?"

ಅವಳು ನಿಧಾನವಾಗಿ ಅವನ ಭುಜಕ್ಕೆ ತಲೆಯಾನಿಸಿದಳು.

"ಆಗ್ತೀಯ," ಅಂದಳು. "ಮಾಂಬಲಂ ಬಂದಾಗ ಎಬ್ಬಿಸು."