ಸರ್ಕಾರ ಬಿದ್ರ ರೇಣು ನಿನಗ

ಮಹಾಂತಪ್ಪ ಕಾಕಾನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕಿ, ರೇಣು ಇನ್ನೇನು ಸೂಜಿ ಚುಚ್ಚಬೇಕು, ಅಷ್ಟರಲ್ಲಿ ಆ ಮುದುಕ ಬಾಯಿ ತೆಗೆದ.

“ಏನವಾ ರೇಣು, ಸರ್ಕಾರ ಬಿತ್ತು, ನಿನ್ನ ಲಗ್ನ ಗಟ್ಟಿ ಆತು. ಊಟ ಯಾವಾಗ?”

ಸೂಜಿ ಅಲ್ಲೇ ನಿಂತಿತು. ಬೈಲಹೊಂಗಲದ ಆ ರಕ್ತ ತಪಾಸಣೆ ಲ್ಯಾಬಿನ ಹೊರಗೆ ಪಟಾಕಿ ಹಾರುತ್ತಿದ್ದವು. ಬೆಳಗಿನಿಂದ ಮತ ಎಣಿಕೆ ನಡೆದು, ಮಧ್ಯಾಹ್ನದ ಹೊತ್ತಿಗೆ ಆಳುವ ಪಕ್ಷ ಮನೆಗೆ ಹೋಗುವುದು ಖಾತ್ರಿಯಾಗಿತ್ತು. ಹೋಗಲಿ, ಅದಕ್ಕೂ ತನ್ನ ಲಗ್ನಕ್ಕೂ ಏನು ಸಂಬಂಧ?

“ಯಾವ ಲಗ್ನ ಕಾಕಾ?”

“ಅಯ್ಯ, ನಿನಗ ಗೊತ್ತಿಲ್ಲೇನು? ನಿಮ್ಮಪ್ಪ ಶಟ್ಟೆಪ್ಪ, ಆ ಫ್ಲೆಕ್ಸ್ ಅಂಗಡಿ ಅಜಿತ, ನಮ್ಮ ಸಂಪಗಾಂವ ಚಾದಂಗಡ್ಯಾಗ ಪಣ ಕಟ್ಟ್ಯಾರ. ಸರ್ಕಾರ ಬಿದ್ರ ರೇಣೂನ ಅಜಿತಗ ಕೊಡೂದು. ಉಳದ್ರ ಅಜಿತ ನಿನ್ನ ಹೆಸರ ಎತ್ತಬಾರದು, ನಿಮ್ಮ ಬಾಗಿಲಾ ತುಳೀಬಾರದು. ಎಲ್ಲಾರ ಮುಂದ ಆಗಿದ್ದು. ನಾನ ಸಾಕ್ಷಿ!”

ಸಾಕ್ಷಿ ಎನ್ನುವಾಗ ಕಾಕಾ ಎದೆ ಉಬ್ಬಿಸಿದ. ಅವತ್ತು ಸೂಜಿ ತುಸು ಜೋರಾಗಿಯೇ ಒಳಗೆ ಹೋಯಿತೆಂದು ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ.

ಚುನಾವಣೆ ಬಂತೆಂದರೆ ಈ ಕಡೆಯ ಗಂಡಸರಿಗೆ ಪಣದ ಹುಚ್ಚು ಹತ್ತುತ್ತದೆ. ಒಬ್ಬ ಮೀಸೆ ಇಡುತ್ತಾನೆ, ಒಬ್ಬ ಟಗರು ಇಡುತ್ತಾನೆ, ಇನ್ನೊಬ್ಬ ಬೈಕು. ಇಡಲಿ, ಬೇಡ ಅಂದವರು ಯಾರು? ಮೀಸೆ ಅವರದು, ಟಗರು ಅವರದು. ಆದರೆ ತನ್ನ ದುಡಿಮೆಯ ಅನ್ನ ಉಣ್ಣುವ, ಇಪ್ಪತ್ತಾರು ತುಂಬಿದ ಹುಡುಗಿಯನ್ನು ಒಯ್ದು ಟಗರಿನ ಸಾಲಿಗೆ ಕಟ್ಟಲು ಇವರಿಗೆ ಹೇಳಿದವರು ಯಾರು? ಅದೂ ಊರಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ!

ಇನ್ನೂ ಹೊಟ್ಟೆ ಉರಿಸುವ ಸಂಗತಿ ಎಂದರೆ, ರೇಣುಗೆ ಅಜಿತ ಬೇಕಾಗಿದ್ದ. ಬಹಳ ಬೇಕಾಗಿದ್ದ.

ಸಂಜೆ ಬೈಲಹೊಂಗಲದಿಂದ ಊರಿಗೆ ಮರಳುವ ಸಂಪಗಾಂವ ಬಸ್ಸಿಗೆ ಅವನು ಮೊದಲೇ ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು ಕೂತಿರುತ್ತಿದ್ದ. ಅವಳು ಬಂದ ಕೂಡಲೇ ಏನೂ ಅರಿಯದವನಂತೆ ಎದ್ದು ಹಿಂದೆ ಹೋಗಿ ನಿಲ್ಲುತ್ತಿದ್ದ. ಡ್ರೈವರನ ತಲೆಯ ಮೇಲಿನ ಕನ್ನಡಿಯಲ್ಲಿ ಅವಳು ಅವನನ್ನು ಹುಡುಕುತ್ತಿದ್ದಳು. ಹುಡುಕುವ ಕಣ್ಣಿಗೆ ಹುಡುಕುವ ಕಣ್ಣೇ ಸಿಕ್ಕಿಬಿಟ್ಟರೆ, ಇಬ್ಬರೂ ಲಗುಬಗೆಯಿಂದ ಹೊರಗಿನ ಸೋಯಾ ಹೊಲ ನೋಡುತ್ತಿದ್ದರು.

ಅವರಿಗೆ ಅಡ್ಡಿ ಜಾತಿಯದ್ದಲ್ಲ, ಜಾತಕದ್ದೂ ಅಲ್ಲ. ಪಕ್ಷದ್ದು. ಶಟ್ಟೆಪ್ಪ ಆಳುವ ಪಕ್ಷದ ಹಳೆಯ ಕಾರ್ಯಕರ್ತ, ಅಜಿತನ ಮನೆತನ ಅಜ್ಜನ ಕಾಲದಿಂದ ವಿರೋಧ ಪಕ್ಷ. ಆ ಮನೆಗೆ ಹೆಣ್ಣು ಕೊಡುವುದೇ ಎಂದು ಶಟ್ಟೆಪ್ಪ ಮೀಸೆ ತಿರುವುತ್ತಿದ್ದ.

ಸಂಜೆ ಲ್ಯಾಬಿನ ಬಾಗಿಲಿಗೆ ಅಜಿತ ಬಂದ. ಮುಖದ ತುಂಬ ಗುಲಾಲು, ಕೈಯಲ್ಲಿ ಪೇಡೆಯ ಡಬ್ಬಿ. ಆ ಗುಲಾಲಿನ ನಡುವೆ ಬೆಳ್ಳಗೆ ನಗುವ ಹಲ್ಲು ನೋಡಿ ರೇಣುಗೆ ಒಂದು ಗಳಿಗೆ ಸಿಟ್ಟು ಮರೆತೇ ಹೋಗುವುದರಲ್ಲಿತ್ತು.

“ಬಾಯಿ ತಗಿ,” ಅಂದ ಅವನು. “ಗೆದ್ದೆ!”

“ಏನ ಗೆದ್ದಿ?”

ಅವಳ ಕಣ್ಣು ನೋಡಿದವನ ನಗು ಇಳಿಯಿತು. “ರೇಣು, ಅದು... ಸುಮ್ನ ಕೇಳಿದ್ರ ನಿಮ್ಮಪ್ಪ ಒಪ್ಪತಿದ್ರೇನು?”

“ಕೇಳಿದ್ಯೇನು?”

“ಒಪ್ಪತಿದ್ದಿಲ್ಲ ಬಿಡು.”

“ಕೇಳಿದ್ಯೇನು ಅಂದೆ.”

“ಇಲ್ಲ.”

“ನನ್ನ ಕೇಳಿದ್ಯೇನು?”

ಅಜಿತ ಪೇಡೆಯ ಡಬ್ಬಿ ಮುಚ್ಚಿದ.

“ಬೀದರದಿಂದ ಚಾಮರಾಜನಗರ ತನಕ ಗುರ್ತ ಇಲ್ಲದ ಮಂದಿ ಗುಂಡಿ ಒತ್ತಿ ನನ್ನ ಲಗ್ನ ಮಾಡ್ಯಾರ! ನನಗಷ್ಟ ಯಾರೂ ಹೇಳಿಲ್ಲ. ನಾನೂ ಬಿಸಿಲಾಗ ಪಾಳಿ ಹಚ್ಚಿ ಓಟು ಹಾಕೀನಿ ಅಜಿತ. ಯಾರಿಗಿ ಹಾಕೀನಿ ಗೊತ್ತೈತೇನು? ನಮ್ಮಪ್ಪನ ಪಕ್ಷಕ್ಕ. ಆ ಎಮ್ಮೆಲ್ಲೆ ಸಂಜಿ ಬಸ್ ಬಿಡಿಸ್ಯಾನ, ಅದಕ್ಕ. ಆ ಬಸ್ಸಿನ್ಯಾಗ ನೀ ಇರತಿ, ಅದಕ್ಕ! ನಿನ್ನ ಸಲುವಾಗಿ ಗುಂಡಿ ಒತ್ತಾಕ ಹೋಗಿ, ನಿನ್ನ ಕಳಕೊಳ್ಳು ಗುಂಡಿ ಒತ್ತಿ ಬಂದೀನಿ.”

ಅಜಿತ ಒಂದು ಹೆಜ್ಜೆ ಮುಂದೆ ಬಂದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಸರ್ಕಾರ ಉಳದಿದ್ರ? ನನ್ನ ಬಿಟ್ಟ ಬಿಡಾಂವಾ?”

“ಇಲ್ಲ! ಮಾತ ಮುರದು ಬರತಿದ್ದೆ.”

“ಮುರಿಯೂ ಮಾತ ಯಾಕ ಕೊಟ್ಟಿ? ನನ್ನ ಇಟ್ಟು ಯಾಕ ಕೊಟ್ಟಿ?”

ಉತ್ತರ ಕೇಳಲು ಅವಳು ನಿಲ್ಲಲಿಲ್ಲ.

ಮನೆಯಲ್ಲಿ ಶಟ್ಟೆಪ್ಪ ಆಸ್ತಿ ಕಳೆದುಕೊಂಡವನಂತೆ ಕೂತಿದ್ದ. ಮಗಳನ್ನು ನೋಡಿದ್ದೇ ದೊಡ್ಡ ತ್ಯಾಗಿಯ ಹಾಗೆ ಉಸಿರು ಬಿಟ್ಟ. “ಮಾತು ಅಂದ್ರ ಮಾತು. ಸೋತೀನಿ. ಕೊಡತೇನಿ.”

ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಕೆಂಪವ್ವ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. “ಕೊಡಾಕ ಆಕಿ ನಿಮ್ಮ ಕಿಸೇದಾಗ ಅದಾಳೇನು?”

“ಅಪ್ಪಾ, ನಾ ಈ ಲಗ್ನ ಆಗೂದಿಲ್ಲ,” ಅಂದಳು ರೇಣು.

“ಹುಡುಗ ಬ್ಯಾಡೇನು?”

“ಹುಡುಗ ಬೇಕು. ನೀ ಸೋತು ಕೊಡೂದು ಬ್ಯಾಡ.”

“ಬೇಕಂತಿ, ಬ್ಯಾಡಂತಿ! ಊರ ಮುಂದ ನನ್ನ ಮಾನ ಏನಾಗಬೇಕು?”

“ನನ್ನ ಮಾನ ನೀವಿಬ್ರೂ ಚಾ ಕುಡದು ಎದ್ದ ದಿನಾನ ಹೋಗೇತಿ. ಅದನ್ನ ಯಾರೂ ಕೇಳವಲ್ರು.”

ಕೆಂಪವ್ವ ಮುಂದಿನ ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿದಳು.

ಭಾನುವಾರ ಕೆಂಪವ್ವನೇ ಸುದ್ದಿ ತಂದಳು. ಅಜಿತ ಚಾದಂಗಡಿಗೆ ಹೋಗಿ, ಅದೇ ಸಾಕ್ಷಿಗಳ ಮುಂದೆ, ಪಣ ತಾನು ಸೋತೆ ಎಂದನಂತೆ. ಹುಚ್ಚಾ, ಸರ್ಕಾರ ಬಿದ್ದೈತಲ್ಲೋ ಎಂದು ಮಂದಿ ನಕ್ಕರಂತೆ. “ಬೀಳಲಿ, ಏಳಲಿ. ನನ್ನದಲ್ಲದ್ದನ್ನ ಪಣಕ್ಕಿಟ್ಟೆ, ಇಟ್ಟಾಗನ ಸೋತೆ. ಶಟ್ಟೆಪ್ಪ ಕಾಕಾ, ನಿಮ್ಮ ಮಾತು ನಿಮಗ ವಾಪಸ್. ಸೋತಾಂವ ಹೆಸರ ಎತ್ತಬಾರದು ಅಂತಿತ್ತು, ಎತ್ತೂದಿಲ್ಲ,” ಎಂದು ಹೇಳಿ ಎದ್ದು ಹೋದನಂತೆ.

ರೇಣುಗೆ ಕಣ್ಣು ತುಂಬಿ ಬಂತು. ಮರುಕ್ಷಣವೇ ಮತ್ತೆ ಸಿಟ್ಟು ಬಂತು. ಯಾಕೆ ಬರಬಾರದು? ಅವನು ನಿಜಕ್ಕೂ ಮಾತು ಪಾಲಿಸಲು ಹತ್ತಿದ. ಬಸ್ಸಿನಲ್ಲಿ ಡ್ರೈವರನ ಹತ್ತಿರ, ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಕತ್ತು ಒಮ್ಮೆಯೂ ತಿರುಗುತ್ತಿರಲಿಲ್ಲ. ಕಿವಿಯ ಹಿಂದೆ ಇನ್ನೂ ಸ್ವಲ್ಪ ಗುಲಾಲು ಉಳಿದಿತ್ತು. ಅದನ್ನು ಒರೆಸಬೇಕೆಂದು ಅವಳ ಕೈ ತುಡಿಯುತ್ತಿತ್ತು. ಮುರಿಯಬೇಕಾದ ಮಾತನ್ನು ಮಾತ್ರ ಹೀಗೆ ಅಪ್ಪಿಕೊಂಡು ನಿಂತಿದ್ದಾನಲ್ಲ, ಮಹಾ ಸತ್ಯವಂತ!

ಇವರ ಗೆಲುವು ಹಾಗೆ, ಇವರ ಸೋಲು ಹೀಗೆ. ಎರಡರಲ್ಲೂ ಬಾಯಿ ಮುಚ್ಚಿಕೊಂಡು ಇರಬೇಕಾದವಳು ತಾನೇ ಏನು?

ಹೊಸ ಸರ್ಕಾರ ಪ್ರಮಾಣವಚನ ತೆಗೆದುಕೊಂಡ ದಿನ ರೇಣು ಬಸ್ಸಿಳಿದವಳೇ ಸೀದಾ ಚಾದಂಗಡಿಗೆ ನಡೆದಳು. ಹೆಂಗಸರು ಎಂದೂ ಕೂರದ ಜಾಗ ಅದು. ಟೀವಿಯಲ್ಲಿ ಯಾರಿಗೆ ಯಾವ ಖಾತೆ ಎಂಬ ಚರ್ಚೆ ನಡೆದಿತ್ತು. ಒಂದು ಬೆಂಚಿನ ಮೇಲೆ ಅಪ್ಪ ಇದ್ದ, ಇನ್ನೊಂದರ ತುದಿಗೆ ಆಗಷ್ಟೇ ಅದೇ ಬಸ್ಸಿಳಿದು ಬಂದ ಅಜಿತ. ರೇಣು ನಡುವಿನ ಬೆಂಚಿನ ಮೇಲೆ ಕೂತಳು.

“ಒಂದು ಚಾ ಕೊಡ್ರಿ. ಟೀವಿ ಸಣ್ಣ ಮಾಡ್ರಿ.”

ಟೀವಿಯ ದನಿ ಸಣ್ಣದಾಯಿತು.

“ಇಲ್ಲೇ ಪಣ ಕಟ್ಟೀರಿ, ಇಲ್ಲೇ ಗೆದ್ದೀರಿ, ಇಲ್ಲೇ ಸೋತೀರಿ. ನನ್ನ ಮಾತ್ರ ಯಾರೂ ಕೇಳಲಿಲ್ಲ. ಅದಕ್ಕ ಕೇಳೂದನ್ನ ನಾನ ಕೇಳತೇನಿ.” ಅವಳು ಅಜಿತನ ಕಡೆ ತಿರುಗಿದಳು. “ಸರ್ಕಾರ ಯಾರದರೆ ಇರಲಿ, ನೀ ನನಗ ಬೇಕು. ನನ್ನ ಲಗ್ನ ಆಗತೀಯೇನು?”

ಅಜಿತ ಎದ್ದು ನಿಂತ. ಅಂಜುತ್ತ ಶಟ್ಟೆಪ್ಪನ ಮುಖ ನೋಡಿದ.

“ಅಲ್ಲೇನ ನೋಡತಿ? ಕೇಳಿದಾಕಿ ನಾನು.”

“ಆಗತೇನಿ,” ಅಂದ ಅಜಿತ. “ಕೇಳಬೇಕಾದಾಂವ ನಾ ಇದ್ದೆ. ತಪ್ಪಾತು.”

“ತಪ್ಪಾಗೇತಿ ಖರೆ,” ಅಂದಳು ರೇಣು. ಆದರೂ ಅವಳ ತುಟಿಯ ಮೂಲೆಯಲ್ಲಿ ನಗು ಬಂದುಬಿಟ್ಟಿತು.

ಶಟ್ಟೆಪ್ಪ ಸಣ್ಣ ದನಿಯಲ್ಲಿ ಕೇಳಿದ. “ನನ್ನ ಕೇಳೂದಿಲ್ಲೇನವಾ?”

“ಕೇಳಾಕ ಬಂದೀನಿ ಅಪ್ಪಾ. ಹೂಂ ಅಂತೀಯೋ ಇಲ್ಲೋ?”

ಅವನು ಮಗಳ ಕಡೆ ತಿರುಗಿ ಕೂತ. “ಹೂಂ,” ಅಂದ. “ಸೋತು ಅಲ್ಲ ಮತ್ತ. ಹೂಂ.”

ಮಹಾಂತಪ್ಪ ಕಾಕಾಗೆ ತಡೆಯಲಾಗಲಿಲ್ಲ. “ಲಗ್ನ ದೀಪಾವಳಿ ಒಳಗ ಅಕ್ಕೈತೋ, ಆಮ್ಯಾಲೋ? ಯಾರು ಪಣ ಕಟ್ಟತೀರಿ?”

ರೇಣು ತಿರುಗಿ ನೋಡಿದಳು. ಕಾಕಾ ಅವಸರದಿಂದ ಚಾದ ಕಪ್ಪಿನಲ್ಲಿ ಮೂತಿ ಇಟ್ಟ.

“ಯಾವಾಗ ಅನ್ನೂದು ನಾ ಹೇಳತೇನಿ ಕಾಕಾ,” ಅಂದಳು ಅವಳು.