ಹನ್ನೊಂದನೆಯ ಹಲಗೆ

ಹನ್ನೊಂದನೆಯ ಹಲಗೆಯನ್ನು ಎತ್ತಿ ಬೋರಲು ಹಾಕಿ, ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ಸಿಲಿನಿಂದ ಅದರ ಅಡಿಗೆ ಅಂಕಿ ಬರೆದಾದ ಮೇಲೆಯೇ ಪಂಪಾಪತಿ ಸಂದಿನೊಳಗೆ ಕಣ್ಣು ಹಾಯಿಸಿದ್ದು. ತೊಲೆಯ ಬೆನ್ನ ಮೇಲೆ ತಲೆಮಾರುಗಳ ಧೂಳು, ಇಲಿಯ ಹಿಕ್ಕೆ, ಯಾರದೋ ಅಂಗಿಯ ಗುಂಡಿ. ಅವುಗಳ ನಡುವೆ ಚಿನ್ನದ ಗುಂಡಿನ ಒಂದು ಬೋರಮಾಳ ಸರ ಬಿದ್ದಿತ್ತು. ಕೊಂಡಿಯ ಹತ್ತಿರ ಕೆಂಪು ದಾರ ಸುತ್ತಿತ್ತು. ಆ ದಾರದ ಗುರುತನ್ನು ಗುರುಲಿಂಗಮ್ಮ ಮೂರು ವರ್ಷಗಳ ಹಿಂದೆ ಮಸ್ಕಿಯ ಹಳೇ ಪೇಟೆಗೆಲ್ಲ ಕೂಗಿ ಹೇಳಿದ್ದಳು.

ಆಗ ಪಂಪಾಪತಿಯ ಒಬ್ಬಳೇ ಮಗಳು ಶಿವಕುಮಾರಿಗೆ ಹತ್ತೊಂಬತ್ತು. ಮನೆಮನೆಗೆ ಹೋಗಿ ಅಳತೆ ತೆಗೆದು ಜಂಪರ್ ಹೊಲಿದುಕೊಡುತ್ತಿದ್ದಳು. ಜವಳಿ ಸಾಹುಕಾರ ಜಂಬಣ್ಣನ ಹೆಂಡತಿ ಗುರುಲಿಂಗಮ್ಮ ಅಳತೆ ಕೊಡುವಾಗ ಇದೇ ಮಹಡಿಯ ಕೋಣೆಯಲ್ಲಿ ಸರ ಬಿಚ್ಚಿ ಹಾಸಿಗೆಯ ಅಂಚಿಗಿಟ್ಟಿದ್ದಳು. ಸಂಜೆಗೆ ಸರ ಇರಲಿಲ್ಲ. ಜಂಬಣ್ಣ ಹುಡುಗಿಯನ್ನು ಮನೆಮುಂದಿನ ಕಟ್ಟೆಯ ಎದುರು ನಿಲ್ಲಿಸಿ, ಹೋಗುವವರು ಬರುವವರು ಕೇಳುವಂತೆ ಕಳ್ಳಿ ಎಂದ. ಪೊಲೀಸರಿಗೆ ಕೊಡುವುದಿಲ್ಲ, ಅದು ನನ್ನ ದೊಡ್ಡತನ ಎಂದೂ ಅಂದ. ಹೆತ್ತ ಅಪ್ಪ ಏನು ಮಾಡಿದ? ನಂಬಿಬಿಟ್ಟ. ಅಷ್ಟು ಜನರೆದುರು ಮಗಳ ಕೆನ್ನೆಗೆ ಬಾರಿಸಿದ. ಮರುದಿನ ಅವಳು ತುರ್ವಿಹಾಳದ ಬಸ್ಸು ಹತ್ತಿ ಹೋದಳು. ಎರಡು ದಿನದ ಮೇಲೆ ಕಾಲುವೆಯಲ್ಲಿ ಹೆಣ ಸಿಕ್ಕಿತು.

ಪಂಪಾಪತಿ ಸರವನ್ನು ಅಂಗೈಯಲ್ಲಿಟ್ಟುಕೊಂಡು ಪಕ್ಕದ ಹಲಗೆಗಳ ಸಂದು ನೋಡಿದ. ಎರಡು ಹಲಗೆಗಳ ನಡುವೆ ಬೆರಳು ತೂರುವಷ್ಟು ಬಿರುಕು. ಸರ ಜಾರಿ ಬೀಳಲು ಅಷ್ಟೇ ಸಾಕಾಗಿತ್ತು. ಹಲಗೆ ಒಣಗಿದರೆ ಸಂದು ಬಿಡುತ್ತದೆ ಎಂದು ಲೋಕಕ್ಕೆಲ್ಲ ಹೇಳುವ ಬಡಗಿಗೆ ಆ ದಿನ ಅದೊಂದು ಮಾತು ಹೊಳೆಯಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಯನ್ನು ಹೊತ್ತುಕೊಂಡು ಬದುಕುವುದು ಕಷ್ಟ. ಅದನ್ನು ಇನ್ನೊಬ್ಬನ ತಲೆಗೆ ಕಟ್ಟುವುದು ಸುಲಭ.

ಕೆಳಗಿನಿಂದ ಜಂಬಣ್ಣನ ದನಿ ಬಂತು.

"ಪಂಪಾಪತಿ, ಚಾ ತಂದಾರ, ಇಳಿದು ಬಾರಲೇ. ನಿನ್ನ ಮಗಳು ಹಂಗ ಮಾಡಿದ್ಲಂತ ನಾ ನಿನ್ನ ಕೈ ಬಿಟ್ಟೀನೇನು? ಹಿಂದಿಂದೆಲ್ಲ ಮರ್ತೀನಿ ನಾ."

"ಬಂದೆ ಸಾವ್ಕಾರ್ರ," ಎಂದ ಪಂಪಾಪತಿ. ಸರವನ್ನು ಇದ್ದಲ್ಲೇ ಇಟ್ಟ. ಮೇಲೆ ಧೂಳು ಎಳೆದ. ಹನ್ನೊಂದನೆಯ ಹಲಗೆಯನ್ನು ಮುಚ್ಚಿ ನಾಲ್ಕು ಮೊಳೆ ಹೊಡೆದ.

ಹಾಗೆ ಇಟ್ಟದ್ದರಲ್ಲೂ ಲೆಕ್ಕವಿತ್ತು. ಸರವನ್ನು ಒಯ್ದು ತೋರಿಸಿದರೆ ಏನಾದೀತು? ಅಪ್ಪನೇ ತಂದು ಇಟ್ಟಾನೆ ಎಂದು ಅರ್ಧ ಪೇಟೆ ಅಂದೀತು. ಉಳಿದರ್ಧ ನಂಬಿದರೂ ಜಂಬಣ್ಣ ಅಯ್ಯೋ ತಪ್ಪಾಯಿತು ಎಂದು ಹುಡುಗಿಯ ತಾಯಿ ಜ್ಞಾನಮ್ಮನಿಗೊಂದು ಸೀರೆ ಕೊಟ್ಟು, ಒಳಗೆ ಹೋಗಿ ಹೊಟ್ಟೆತುಂಬ ಉಂಡು ಮಲಗಿಯಾನು. ಸರ ಸಿಕ್ಕರೆ ಪಂಪಾಪತಿಗೆ ಹಗೆ ಇದೆ ಎಂದು ಊರಿಗೆ ಗೊತ್ತಾಗುತ್ತದೆ. ಸಿಗದಿದ್ದರೆ ಅವನು ಸಾಹುಕಾರನ ಋಣದಲ್ಲಿರುವ ತಲೆತಗ್ಗಿಸಿದ ಬಡಗಿ, ಅಷ್ಟೇ. ಮಗಳನ್ನು ಕಳ್ಳಿಯಾಗಿಯೇ ಉಳಿಸಿದರೆ, ಜಂಬಣ್ಣ ಸತ್ತರೂ ತಾನು ಊರ ಕಣ್ಣಿಗೆ ಕೊಲೆಗಾರನಾಗುವುದಿಲ್ಲ. ಈ ಮಾತು ಹೀನವೆಂದು ಅವನಿಗೂ ಗೊತ್ತಿತ್ತು. ಆದರೂ ಅವನು ಅದನ್ನು ಒಪ್ಪಿಕೊಂಡ.

ಆ ಸಂಜೆ ಮನೆಯಲ್ಲಿ ಜ್ಞಾನಮ್ಮ ರೊಟ್ಟಿ ಬಡಿಯುತ್ತ, ಮೂರು ವರ್ಷಗಳಿಂದ ಹೇಳುತ್ತಿದ್ದುದನ್ನೇ ಹೇಳಿದಳು.

"ಆ ಮನಿ ಮೆಟ್ಲಾ ಹೆಂಗರ ಹತ್ತೀರಿ ನೀವು? ನನ್ನ ಮಗಳು ಕಳ್ಳಿ ಅಲ್ಲರೀ. ಸಾಯೋತನಾ ಇದನ್ನ ಅಂತೀನಿ ನಾ."

"ಉಣ್ಣಾಕ ಕೊಡು," ಎಂದ ಅವನು. ಒಂದೇ ಒಂದು ಮಾತು ಆಡಿದ್ದರೆ ಆ ಹೆಂಗಸಿನ ಎದೆಯ ಕಲ್ಲು ಇಳಿಯುತ್ತಿತ್ತು. ಅವನು ಆಡಲಿಲ್ಲ.

ಜಂಬಣ್ಣನ ಮನೆ ಹಳೇ ವಾಡೆ, ನಿಜಾಮನ ಕಾಲದ್ದು. ಮಹಡಿಗೆ ಗಾರೆಯಿಲ್ಲ, ಕಲ್ಲಿಲ್ಲ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಾಗವಾನಿ ಹಲಗೆ. ಅಂಥ ನೆಲವನ್ನು ಕೆಡದಂತೆ ಬಿಚ್ಚಿ, ಕೊಳೆತದ್ದನ್ನು ಬದಲಿಸಿ, ಉಳಿದದ್ದನ್ನು ಅದರದರ ಜಾಗಕ್ಕೇ ಕೂಡಿಸಬಲ್ಲವನು ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರು ಸೇರಿ ಪಂಪಾಪತಿ ಒಬ್ಬನೇ. ಹಳೇ ಹಲಗೆ ಒಂದರಂತೆ ಒಂದಿರುವುದಿಲ್ಲ. ಅದಲುಬದಲಾದರೆ ನೆಲವೆಲ್ಲ ಕಿರುಗುಟ್ಟುತ್ತದೆ. ಅವನು ಕೂಡಿಸಿದ ನೆಲ ಕಿರುಗುಟ್ಟುತ್ತಿರಲಿಲ್ಲ. ಶ್ರಾವಣದ ಎರಡನೆಯ ವಾರದ ಹೊತ್ತಿಗೆ ನಲವತ್ತೆರಡು ಹಲಗೆಗಳ ಕೆಲಸ ಮುಗಿಯಿತು. ತೀರ ಗೆದ್ದಲು ತಿಂದಿದ್ದ ಮೂರನ್ನು ಸಿಂಧನೂರಿನ ಕಟ್ಟಿಗೆ ಅಡ್ಡೆಯಿಂದ ತಂದ ಹಳೇ ಸಾಗವಾನಿಯಿಂದ ಬದಲಿಸಿ, ಕೊಳೆತವನ್ನು ಬಚ್ಚಲ ಒಲೆಗೆಂದು ಅಂಗಳದ ಗೋಡೆಗೆ ಒಟ್ಟಿದ.

ಉಳಿದದ್ದು ಪೂಜೆಯ ಮೂಲೆ. ಜಂಬಣ್ಣ ದಿನಾ ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಅಲ್ಲಿ ಮಣೆಯ ಮೇಲೆ ಕುಳಿತು ಲಿಂಗಪೂಜೆ ಮಾಡುತ್ತಿದ್ದ. ಅವನದು ಕ್ವಿಂಟಲಿಗೆ ಹತ್ತಿರದ ತೂಕ. ಅವನು ಇಳಿದು ಬರುವ ತನಕ ಯಾರೂ ಮೇಲೆ ಹೋಗುವಂತಿಲ್ಲ. ಗುರುಲಿಂಗಮ್ಮನಂತೂ ಮೊಣಕಾಲು ನೋವಿನಿಂದ ಎರಡು ವರ್ಷದಿಂದ ಮೆಟ್ಟಿಲೇ ಹತ್ತಿರಲಿಲ್ಲ. ಆ ಮೂಲೆಯ ನೇರ ಕೆಳಗೆ ಕತ್ತಲೆ ಉಗ್ರಾಣ. ಅಲ್ಲಿ ಹನ್ನೆರಡು ಅಡಿ ಕೆಳಗೆ ಒರಳು, ಬೀಸುವ ಕಲ್ಲು, ಹಳೇ ಗುಂಡುಕಲ್ಲು ಸಾಲಾಗಿ ಕೂತಿದ್ದವು. ದೇವರೇ ಜೋಡಿಸಿಟ್ಟಂತಿದೆ ಎಂದುಕೊಂಡ ಪಂಪಾಪತಿ. ದೇವರ ಹೆಸರು ಬಾಯಿಗೆ ಬಂದದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಮೊದಲು ಸಾಕ್ಷಿ ಬೇಕಿತ್ತು. ಎದುರಿನ ಬಳೆ ಅಂಗಡಿಯ ದಾವಲ್‌ಸಾಬ್ ಕಟ್ಟೆಗೆ ಬಂದು ಕುಳಿತ ಹೊತ್ತು ನೋಡಿ ಮಾತು ತೆಗೆದ.

"ಸಾವ್ಕಾರ್ರ, ಪೂಜಿ ಮೂಲ್ಯಾಗಿನ ಜಂತಿಗೂ ಗೆದ್ದಲು ಹತ್ತೇತಿ. ಅಲ್ಲೂ ನಾಕು ಹಲಗಿ ಎತ್ತಿ ನೋಡಬೇಕ್ರಿ."

"ಶ್ರಾವಣ ಮುಗಿಯೋತನಾ ನನ್ನ ಮಣಿ ಸರಿಸಂಗಿಲ್ಲೋ ಮಾರಾಯಾ. ಹಿಡಿದ ನೇಮ ಅದು."

"ಏನರ ಹೆಚ್ಚುಕಮ್ಮಿ ಆದ್ರ?"

"ನಮ್ಮಪ್ಪ ಅಲ್ಲೇ ಕುಂತಾನ, ನಮ್ಮಜ್ಜ ಅಲ್ಲೇ ಕುಂತಾನ. ನೀ ಆ ಮೂಲಿ ಮುಟ್ಟಬ್ಯಾಡ ಅಂದ್ರ ಮುಟ್ಟಬ್ಯಾಡ."

"ಆತ್ರಿ. ದಾವಲ್‌ಸಾಬ್, ನೀನೂ ಕೇಳೀದಿ ನೋಡಪಾ, ನಾ ಹೇಳೀನಿ."

"ಹೌದಪಾ, ಹೇಳೀದಿ," ಎಂದ ದಾವಲ್‌ಸಾಬ್ ನಗುತ್ತ.

ಸಾಹುಕಾರನ ಹಟ ಪಂಪಾಪತಿಗೆ ಹೊಸದಲ್ಲ. ಬೇಡ ಎಂದೇ ಎನ್ನುತ್ತಾನೆಂದು ಗೊತ್ತಿದ್ದೇ ಕೇಳಿದ್ದ. ಈಗ ಆ ಮೂಲೆ ಅವನು ಮುಟ್ಟದ ಮೂಲೆ. ಅದು ಕುಸಿದರೆ ಎಚ್ಚರಿಕೆ ಕೊಟ್ಟವನು ಅವನೇ, ಕೇಳದವನು ಜಂಬಣ್ಣ.

ಮೂರನೆಯ ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಜಂಬಣ್ಣ ಹೆಂಡತಿಯನ್ನು ಆಟೋದಲ್ಲಿ ಕೂರಿಸಿಕೊಂಡು ಗುಡಿಗೆ ಹೋದ. ಕೊನೆಯ ಸಲ ಎಣ್ಣೆ ಒರೆಸುವ ನೆಪದಲ್ಲಿ ಪಂಪಾಪತಿ ಮಹಡಿಯಲ್ಲಿ ಒಬ್ಬನೇ ಉಳಿದ. ಕೈಯಲ್ಲಿ ಎರಡು ತಾಸು ಇತ್ತು. ಮಣೆಯ ನಾಲ್ಕು ಕಾಲಿನ ಗುರುತು ನೆನಪಿಟ್ಟುಕೊಂಡು ಅದನ್ನು ಪಕ್ಕಕ್ಕಿಟ್ಟ. ತುಕ್ಕು ಹಿಡಿದ ಮೊಳೆಗಳನ್ನು ಬಗ್ಗದಂತೆ ಕಿತ್ತು, ಸಾಲಾಗಿ ಬಟ್ಟೆಯ ಮೇಲಿಟ್ಟ. ನಾಲ್ಕು ಹಲಗೆಗಳನ್ನು ಒಂದೊಂದಾಗಿ ಎತ್ತಿ, ಎಂದಿನಂತೆ ಎತ್ತಿದ ಕ್ರಮದಲ್ಲೇ ಗೋಡೆಗೆ ಆನಿಸಿದ. ಗರಗಸ ಮುಟ್ಟಲಿಲ್ಲ, ಗರಗಸದ ಹಲ್ಲು ಗುರುತು ಬಿಡುತ್ತದೆ. ಗೋಡೆಯೊಳಗೆ ಹೋಗುವ ಕಡೆ ಎರಡೂ ಜಂತಿಗಳ ತುದಿಯನ್ನು ಗೆದ್ದಲು ಆಗಲೇ ಒಂದಿಷ್ಟು ತಿಂದಿತ್ತು. ಅದು ಕೊರೆದ ದಾರಿ ಹಿಡಿದೇ ಸಣ್ಣ ಉಳಿಯಿಂದ ಒಳಗೊಳಗೆ ಕೆರೆದ. ಮೇಲೆ ಕೆಳಗೆ ಸಿಪ್ಪೆಯಷ್ಟು ದಪ್ಪ ಬಿಟ್ಟ. ಟೊಳ್ಳಿಗೆ ಗೆದ್ದಲಿನ ಮಣ್ಣನ್ನೇ ನೀರಲ್ಲಿ ಕಲಸಿ ಮೆತ್ತಿದ. ಹಲಗೆಗಳು ತಮ್ಮ ತಮ್ಮ ಜಾಗಕ್ಕೆ ಹೋದವು, ಹಳೇ ಮೊಳೆಗಳು ಹಳೇ ತೂತಿಗೆ ಹೋದವು, ಮಣೆ ತನ್ನ ಗುರುತಿಗೆ ಹೋಯಿತು. ತಾನೇ ನಿಂತು ನೋಡಿದ. ತಾನೇ ಮಾಡಿದ್ದು ತನಗೇ ಕಾಣಲಿಲ್ಲ. ಇಡೀ ಜನ್ಮದಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಮಾಡಿಲ್ಲ ಎನಿಸಿ ಅವನಿಗೆ ಹೆಮ್ಮೆಯೇ ಆಯಿತು.

ಮಂಗಳವಾರ ಅವನು ಲಿಂಗಸುಗೂರಿಗೆ ಹೋದ. ಅಲ್ಲೊಂದು ಹೊಸ ಮನೆಗೆ ಬಾಗಿಲ ಚೌಕಟ್ಟು ಕೂಡಿಸುವುದಿತ್ತು. ರಾತ್ರಿ ಅಲ್ಲೇ ಉಳಿದ. ಬುಧವಾರವೂ ಫೋನು ಬರಲಿಲ್ಲ. ಗುರುವಾರ ಬೆಳಿಗ್ಗೆ ಎಂಟಕ್ಕೆ ದಾವಲ್‌ಸಾಬ್ ಫೋನು ಮಾಡಿದ.

"ಪಂಪಾಪತಿ, ನೀ ಅಂದಂಗ ಆತಪಾ. ಸಾವ್ಕಾರ್ರು ಮಣಿ ಸಮೇತ ಕೆಳಗ ಬಿದ್ದಾರ. ತಲಿ ಒರಳಿಗಿ ಬಡದೇತಿ. ಉಸಿರು ಇಲ್ಲ. ಪೊಲೀಸರು ಬಂದಾರ, ನಿನ್ನ ಕೇಳಾಕತ್ತಾರ."

ಬಸ್ಸಿನ ಕಿಟಕಿಯಲ್ಲಿ ಕುಳಿತು ಪಂಪಾಪತಿ ಮಗಳ ಮುಖ ನೆನೆಸಿಕೊಳ್ಳಲು ನೋಡಿದ. ಹೊಡೆಸಿಕೊಂಡಾಗಿನ ಮುಖವೊಂದೇ ಬಂತು. ಸಮಾಧಾನ ಬರುತ್ತದೆ ಎಂದುಕೊಂಡಿದ್ದ, ಅದು ಮಾತ್ರ ಬರಲಿಲ್ಲ.

ಹೆಣವನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು. ಪಡಸಾಲೆಯಲ್ಲಿ ಗುರುಲಿಂಗಮ್ಮ ಕಂಬಕ್ಕೆ ಒರಗಿ ಕುಳಿತಿದ್ದಳು. ಪಿಎಸ್‌ಐ ವಯಸ್ಸಿನಲ್ಲಿ ಚಿಕ್ಕವನು, ಮರದ ನೆಲವನ್ನು ಹುಟ್ಟಿನಿಂದ ಕಂಡವನಲ್ಲ. ಪಂಚನಾಮೆಗೆ ತಿಳಿದವರು ಬೇಕು ಎಂದು ಪಂಪಾಪತಿಯನ್ನೇ ಉಗ್ರಾಣಕ್ಕೆ ಕರೆದೊಯ್ದ. ಮೊಬೈಲಿನ ಬೆಳಕಿನಲ್ಲಿ ಮುರಿದ ಜಂತಿಯ ತುದಿ ತೋರಿಸುತ್ತ ಪಂಪಾಪತಿ ಮೇಷ್ಟ್ರಂತೆ ವಿವರಿಸಿದ.

"ನೋಡ್ರಿ ಸಾಹೇಬ್ರ, ಹೊರಗ ಗಟ್ಟಿ ಕಾಣತೇತಿ, ಒಳಗೆಲ್ಲ ಗೆದ್ದಲು ತಿಂದು ಮಣ್ಣು ತುಂಬೇತಿ. ನಾ ಮದ್ಲ ಹೇಳಿದ್ನಿರಿ. ಸಾವ್ಕಾರ್ರು ಕೇಳಲಿಲ್ಲ."

"ಈ ಮೂಲೆಯ ಹಲಗೆ ನೀವು ಎತ್ತಿಯೇ ಇಲ್ಲವಾ?"

"ಒಂದೂ ಮುಟ್ಟಿಲ್ರಿ. ದಾವಲ್‌ಸಾಬನ್ನ ಕೇಳ್ರಿ."

ದಾವಲ್‌ಸಾಬ್ ಹೌದೆಂದ. ಪಿಎಸ್‌ಐ ಬರೆದುಕೊಂಡು ಓದಿ ಹೇಳಿದ. ಪಂಪಾಪತಿ ಸಹಿ ಮಾಡಿದ. ಇನ್ನೇನು ಮುಗಿಯಿತು. ಒಳಗೆ ಬೆಳಕು ಸಾಲದು, ಹಲಗೆಗಳನ್ನು ಅಂಗಳಕ್ಕೆ ತನ್ನಿ, ಫೋಟೋ ತೆಗೆಯಬೇಕು ಎಂದ ಪಿಎಸ್‌ಐ. ಪೇದೆ ಬಸ್ಸಪ್ಪ ಅವನ್ನು ಒಂದೊಂದಾಗಿ ಹೊತ್ತು ತಂದು ಸೌದೆ ಒಟ್ಟಿದ್ದ ಗೋಡೆಗೇ ಆನಿಸಿದ.

ಎರಡು ಹಲಗೆ ಮುರಿದಿದ್ದವು, ಎರಡು ಇಡಿಯಾಗಿದ್ದವು. ಬಸ್ಸಪ್ಪ ಇಡೀ ಹಲಗೆಯೊಂದನ್ನು ಅಡಿ ಹೊರಗೆ ಮಾಡಿ ನಿಲ್ಲಿಸಿದ್ದ. ಬಿಸಿಲಿನಲ್ಲಿ ಅದರ ಮೇಲೆ ಕೆಂಪು ಪೆನ್ಸಿಲಿನ ೪೪ ನಿಚ್ಚಳವಾಗಿ ಕಾಣುತ್ತಿತ್ತು, ಕೆಳಗೊಂದು ಗೆರೆ. ಪಕ್ಕದಲ್ಲೇ ಒಲೆಗೆಂದು ಒಟ್ಟಿದ್ದ ಮೂರು ಕೊಳೆತ ಹಲಗೆಗಳ ಮೇಲೆ ಅದೇ ಕೈಯ ೭, ೧೯, ೨೮. ಹಲಗೆ ಎತ್ತಿದ ಕೂಡಲೇ ಅಂಕಿ ಬರಿ ಎಂದು ಪಂಪಾಪತಿಗೆ ಅವನಪ್ಪ ಕಲಿಸಿ ನಲವತ್ತು ವರ್ಷವಾಗಿತ್ತು. ಆ ಸೋಮವಾರವೂ ಕೈ ಅವನನ್ನು ಕೇಳದೆಯೇ ಬರೆದಿತ್ತು. ಪಿಎಸ್‌ಐ ಆ ಅಂಕಿ ನೋಡಿದ, ಈ ಅಂಕಿ ನೋಡಿದ, ಪಂಪಾಪತಿಯ ಕಿವಿಯ ಹಿಂದಿದ್ದ ಪೆನ್ಸಿಲು ನೋಡಿದ. ಆಮೇಲೆ ಮಹಡಿಯ ಹಲಗೆಗಳನ್ನೂ ಒಂದರಿಂದ ಎತ್ತಿಸಿ, ಅಂಕಿ ತಾಳೆ ನೋಡಬೇಕು ಎಂದ. ಯಾರೋ ಜ್ಞಾನಮ್ಮನಿಗೆ ಸುದ್ದಿ ಮುಟ್ಟಿಸಿದ್ದರು, ಅವಳೂ ಬಂದು ಬಾಗಿಲಲ್ಲಿ ನಿಂತಿದ್ದಳು. ಮೇಲೆ ಮೊದಲನೆಯ ಹಲಗೆಯ ಮೊಳೆ ಕಿರ್ರೆಂದು ಎದ್ದ ಸದ್ದು ಕೇಳಿತು. ಪಂಪಾಪತಿ ಹೆಂಡತಿಯ ಮುಖ ನೋಡಲಾರದೆ ನೆಲ ನೋಡುತ್ತ ಎಣಿಸತೊಡಗಿದ. ಹನ್ನೊಂದರ ಅಡಿಯಲ್ಲಿ ಅವನ ಮಗಳು ಕಳ್ಳಿಯಲ್ಲ ಎಂಬುದರ ಸಾಕ್ಷಿ ಹಾಗೆಯೇ ಇತ್ತು, ಅವನೇ ಅದಕ್ಕೆ ನಾಲ್ಕು ಮೊಳೆ ಹೊಡೆದಿದ್ದ.